ಒಂದು ಟೈರು ಆರಿಸೋಕೆ ಇಷ್ಟೊಂದು ಪುರಾಣ ಯಾಕ್ರೀ?

ಮನೆಮಂದಿಯೆಲ್ಲ ಓಡಾಡೋ ಎಸ್‌ಯುವಿಗೆ ಹೊಸ ಟೈರು ಹಾಕಿಸ್ಬೇಕು. ಅಷ್ಟೇ ವಿಷಯ. ರೇಸಿಗೆ ಹೋಗೋದಿಲ್ಲ, ಕಲ್ಲುಬಂಡೆ ಹತ್ತಿಸೋದಿಲ್ಲ. ಹಿಂದಿನ ಸೀಟಲ್ಲಿ ಮಕ್ಕಳು, ಡಿಕ್ಕಿ ತುಂಬ ಸಾಮಾನು. ಮಳೆಯಲ್ಲಿ ಬ್ರೇಕ್ ಒತ್ತಿದ್ರೆ ಗಾಡಿ ನಿಲ್ಬೇಕು, ಟೈರು ಒಂದಷ್ಟು ವರ್ಷ ಬಾಳಿಕೆ ಬರ್ಬೇಕು. ನಾನು ಕೇಳ್ತಿರೋದು ಇಷ್ಟೇ. ಇದಕ್ಕೆ ನೇರವಾಗಿ ಉತ್ತರ ಕೊಡೋ ಒಬ್ಬ ಮನುಷ್ಯನೂ ಸಿಗ್ತಿಲ್ಲ, ಒಂದು ಚೀಟಿಯೂ ಸಿಗ್ತಿಲ್ಲ. ಟೈರಿನ ಮೈಮೇಲೆ ಮಾತ್ರ ಒಂದಿಂಚು ಜಾಗ ಬಿಡದ ಹಾಗೆ ಅಕ್ಷರ, ಅಂಕಿ ತುಂಬಿಟ್ಟಿದ್ದಾರೆ.

ಆ ಅಂಕಿಗಳ ಕಥೆ ಕೇಳಿ. 235/65 ಆರ್17 104ಎಚ್ ಅಂತಿರತ್ತೆ. 235 ಅಂದ್ರೆ ಅಗಲ, ಮಿಲಿಮೀಟರಿನಲ್ಲಿ. 65 ಮಿಲಿಮೀಟರಲ್ಲ, ಶೇಕಡಾ. ಅಂದ್ರೆ ಅಗಲದ ನೂರಕ್ಕೆ 65 ಪಾಲು ಸೈಡ್‌ವಾಲಿನ, ಅಂದ್ರೆ ಟೈರಿನ ಪಕ್ಕದ ಗೋಡೆಯ, ಎತ್ತರ. 17 ಅನ್ನೋದು ರಿಮ್ಮಿನ ವ್ಯಾಸ, ಅದು ಮತ್ತೆ ಇಂಚು! ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಇಂಚು ಮೂರೂ. 104 ಅಂದ್ರೆ ಕೆಜಿಯಾ? ಅಲ್ಲ. ಪಟ್ಟಿ ಹುಡುಕಿ ನೋಡಿದ್ರೆ ಒಂದು ಟೈರು ಹೊರೋ ಭಾರ 900 ಕೆಜಿ ಅಂತ ಗೊತ್ತಾಗತ್ತೆ. 108 ಅಂದ್ರೆ 1000 ಕೆಜಿ. ಎಚ್ ಅಂದ್ರೆ ಗಂಟೆಗೆ 210 ಕಿ.ಮೀ. ಅಕ್ಷರ ಮುಂದೆ ಹೋದಷ್ಟೂ ವೇಗ ಹೆಚ್ಚು ಅಂದ್ಕೊಂಡ್ರೆ ಅದೂ ಸುಳ್ಳು. ಎಸ್ 180, ಟಿ 190, ಯು 200, ಆಮೇಲೆ ಎಲ್ಲಿಂದಲೋ ಎಚ್ ಬಂದು 210 ಅಂತ ಕೂತಿದೆ, ಅದಾದ ಮೇಲೆ ವಿ 240. ಕೆಲವು ಟೈರುಗಳಲ್ಲಿ ಭಾರವನ್ನ ಕೆಜಿಯಲ್ಲೂ ಬರೆದಿರ್ತಾರೆ ಅನ್ನಿ, ಇರುವೆ ಗಾತ್ರದ ಅಕ್ಷರದಲ್ಲಿ, ಕಪ್ಪಿನ ಮೇಲೆ ಕಪ್ಪು. ಕಂಪನಿ ಹೆಸರು ಮಾತ್ರ ರಸ್ತೆಯ ಆ ಬದಿಯಿಂದಲೇ ಕಾಣತ್ತೆ.

ಅಂಗಡಿಯಲ್ಲಿ ಕೇಳಿದ್ರೆ, "ಅದೆಲ್ಲ ಬರೀ ನಂಬರ್ ಸಾರ್, ರಿಮ್ಮಿಗೆ ಕೂತ್ರೆ ಆಯ್ತು." ನನಗೆ ಮೈ ಉರಿಯೋದು ಇಲ್ಲೇ. ಬರೀ ನಂಬರಂತೆ! ಎತ್ತರದ ಗಾಡಿ, ಮೂರು ಸಾಲು ಸೀಟು, ತಲೆ ಮೇಲೆ ಸಾಮಾನು. ಇಂಥ ಗಾಡಿಗೆ ಭಾರದ ಲೆಕ್ಕ ಮುಖ್ಯ ಅಲ್ದೆ ಇನ್ನೇನು ಮುಖ್ಯ? ಎಕ್ಸ್‌ಎಲ್ ಅಂತ ಬರೆದಿರೋ ಟೈರು ಹೆಚ್ಚು ಭಾರ ಹೊರತ್ತೆ, ನಿಜ. ಆದ್ರೆ ಆ ಹೆಚ್ಚಿನ ಭಾರ ಹೊರ್ಬೇಕಾದ್ರೆ ಗಾಳಿಯೂ ಹೆಚ್ಚಿರ್ಬೇಕು. ಮಾಮೂಲಿ ಟೈರಿನ ಪೂರ್ತಿ ಭಾರದ ಲೆಕ್ಕ ಸುಮಾರು 36 ಪಿಎಸ್‌ಐ ಗಾಳಿ ಒತ್ತಡಕ್ಕೆ, ಎಕ್ಸ್‌ಎಲ್‌ದು 42ಕ್ಕೆ. ಎಕ್ಸ್‌ಎಲ್ ಮಾರೋರು ಇದನ್ನ ಹೇಳ್ತಾರಾ? ಬಾಯೇ ಬಿಡೋದಿಲ್ಲ.

2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಏನಾಯ್ತು ಅಂತ ಈಗಿನೋರಿಗೆ ಮರ್ತೇ ಹೋಗಿದೆ. ಫೋರ್ಡ್ ಎಕ್ಸ್‌ಪ್ಲೋರರ್ ಅನ್ನೋ ಎಸ್‌ಯುವಿ, ಫೈರ್‌ಸ್ಟೋನ್ ಟೈರು. ಓಡ್ತಿರೋ ಗಾಡಿಯ ಟೈರಿನಿಂದ ಟ್ರೆಡ್ಡೇ, ಅಂದ್ರೆ ನೆಲಕ್ಕೆ ತಾಗೋ ರಬ್ಬರಿನ ಪದರವೇ, ಕಿತ್ತು ಬರ್ತಿತ್ತು, ಗಾಡಿ ಪಲ್ಟಿ ಹೊಡೀತಿತ್ತು. ಸುಮಾರು 65 ಲಕ್ಷ ಟೈರು ವಾಪಸ್ ಕರೆಸಿಕೊಂಡ್ರು. ಸತ್ತವರು 270ಕ್ಕೂ ಹೆಚ್ಚು. ಕಾರಿನವರು ಗಾಳಿ 26 ಪಿಎಸ್‌ಐ ಸಾಕು ಅಂದಿದ್ರು, ಟೈರಿನವರು 30 ಬೇಕಿತ್ತು ಅಂದ್ರು, ಒಬ್ಬರ ಮೇಲೊಬ್ಬರು ಗೂಬೆ ಕೂರಿಸಿದ್ರು. ಡ್ಯಾಶ್‌ಬೋರ್ಡಿನಲ್ಲಿ ಗಾಳಿ ಕಮ್ಮಿಯಾದ್ರೆ ಹಳದಿ ದೀಪ ಹತ್ತೋ ಟಿಪಿಎಂಎಸ್ ಅಲ್ಲಿ ಕಡ್ಡಾಯವಾಗಿದ್ದು ಈ ಅನಾಹುತದ ಮೇಲೇ. ಆ ದೀಪಕ್ಕಿರೋ ನಿಯಮ ಏನು ಗೊತ್ತಾ? ಗಾಳಿ ಶೇಕಡಾ 25 ಇಳಿದಿರುವಾಗ ಎಚ್ಚರಿಸಿದ್ರೆ ಸಾಕು. 35 ಇರ್ಬೇಕಾದ ಕಡೆ 26ಕ್ಕೆ ಬಂದು ನಿಂತ ಮೇಲೆ ಎಚ್ಚರಿಕೆ! "ದೀಪ ಹತ್ತಿಲ್ಲ, ಗಾಳಿ ಸರಿಯಾಗಿದೆ" ಅಂತ ಸಮಾಧಾನ ಹೇಳೋರನ್ನ ನೋಡಿದ್ರೆ ನನಗೆ ಕೈಕೈ ಹಿಸುಕಿಕೊಳ್ಳೋ ಹಾಗಾಗತ್ತೆ.

ಸರಿ, ಗುಣಮಟ್ಟಕ್ಕೆ ಗ್ರೇಡ್ ಇದೆಯಲ್ಲ, ಅದನ್ನ ನೋಡಿ ತಗೊಳ್ಳೋಣ ಅಂತೀರಾ. ನೋಡೋಣ ಬನ್ನಿ. ಅಮೆರಿಕದ ಪದ್ಧತಿ ಪ್ರಕಾರ ಟ್ರೆಡ್‌ವೇರ್ 500, ಟ್ರ್ಯಾಕ್ಷನ್ ಎ, ಟೆಂಪರೇಚರ್ ಎ ಅಂತ ಅಚ್ಚು ಹಾಕಿರ್ತಾರೆ. 500 ಅಂದ್ರೆ 100ರ ಗ್ರೇಡಿನ ಟೈರಿಗಿಂತ ಐದು ಪಟ್ಟು ಬಾಳಿಕೆ ಅಂತ ಲೆಕ್ಕ. ಹಾಗಾದ್ರೆ ಐದು ಪಟ್ಟು ಓಡಿಸಿ ನೋಡಿದ್ರಾ? ಎಲ್ಲಿಂದ ಬಂತು. ಟೆಕ್ಸಾಸಿನ ಒಂದು ಗೊತ್ತಾದ ದಾರಿಯಲ್ಲಿ ಒಟ್ಟು 7,200 ಮೈಲಿ, ಅಂದ್ರೆ 11,600 ಕಿ.ಮೀ. ಆಸುಪಾಸು ಓಡಿಸಿ, ಸವೆತ ಅಳೆದು, ಉಳಿದದ್ದನ್ನ ಗುಣಾಕಾರ ಮಾಡ್ತಾರೆ. ಆ ಗ್ರೇಡನ್ನ ಕೊಡೋದೂ ಸರ್ಕಾರ ಅಲ್ಲ, ಟೈರು ಮಾಡಿದ ಕಂಪನಿಯೇ. ತನ್ನ ಮಗುವಿಗೆ ತಾನೇ ಮಾರ್ಕ್ಸು! ಹೀಗಾಗಿ ಒಂದು ಕಂಪನಿಯ 500ನ್ನ ಇನ್ನೊಂದರ 500ರ ಪಕ್ಕ ಇಟ್ಟು ತೂಗೋಕೆ ನನಗಂತೂ ಧೈರ್ಯ ಇಲ್ಲ.

ಟ್ರ್ಯಾಕ್ಷನ್ ಗ್ರೇಡಿನದು ಇನ್ನೂ ಚೆಂದ. ಒದ್ದೆ ರಸ್ತೆಯ ಮೇಲೆ ಗಂಟೆಗೆ 64 ಕಿ.ಮೀ. ವೇಗದಲ್ಲಿ ಚಕ್ರವನ್ನ ಪೂರ್ತಿ ಲಾಕ್ ಮಾಡಿ, ನೇರವಾಗಿ ಎಳೆದು, ಎಷ್ಟು ಹಿಡಿತ ಇದೆ ಅಂತ ಅಳೀತಾರೆ. ಸ್ವಾಮಿ, ಇವತ್ತಿನ ಗಾಡಿಯಲ್ಲಿ ಎಬಿಎಸ್ ಇರೋದೇ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋಕೆ! ನನ್ನ ಗಾಡಿ ಯಾವತ್ತೂ ಮಾಡದ ಕೆಲಸದಲ್ಲಿ ಈ ಟೈರು ಪಾಸಾಗಿದೆ ಅಂತ ನಾನು ಖುಷಿ ಪಡ್ಬೇಕಾ? ತಿರುವಿನಲ್ಲಿ ಹೇಗೆ ಹಿಡಿಯತ್ತೆ, ನಿಂತ ನೀರಿನ ಮೇಲೆ ಹೋದಾಗ ತೇಲತ್ತಾ ಅನ್ನೋದಕ್ಕೆ ಆ ಅಕ್ಷರದಲ್ಲಿ ಉತ್ತರವೇ ಇಲ್ಲ.

ಯೂರೋಪಿನ ಲೇಬಲ್ಲು ಇದಕ್ಕಿಂತ ವಾಸಿ, ಒಪ್ಕೋತೀನಿ. 2012ರಲ್ಲಿ ಬಂತು, 2021ರಲ್ಲಿ ತಿದ್ದಿ 'ಎ'ಯಿಂದ 'ಇ'ವರೆಗೆ ಐದು ದರ್ಜೆ ಮಾಡಿದ್ರು. ಇಂಧನ ಉಳಿತಾಯ, ಒದ್ದೆ ರಸ್ತೆ ಹಿಡಿತ, ಸದ್ದು. ಎಬಿಎಸ್ ಇರೋ ಗಾಡಿಯಲ್ಲೇ 80ರಿಂದ 20 ಕಿ.ಮೀ.ಗೆ ಇಳಿಯೋವರೆಗೆ ಬ್ರೇಕ್ ಹಿಡಿದು ನೋಡೋ ಪದ್ಧತಿ ಇದೆ, ಅದಾದ್ರೂ ನಿಜ ಜೀವನಕ್ಕೆ ಹತ್ತಿರ. ಆದ್ರೆ ಆ ಸದ್ದಿನ ಡೆಸಿಬೆಲ್ ನೋಡಿ ಮೋಸ ಹೋಗ್ಬೇಡಿ. ಅದು ಹೊರಗೆ ರಸ್ತೆ ಬದಿಯಲ್ಲಿ ನಿಂತೋರಿಗೆ ಕೇಳೋ ಸದ್ದು. ಒಳಗೆ ಕೂತು, ಗುಂಯ್ ಅಂತ ಮೊರೆತ ಕೇಳಿಸ್ಕೊಂಡು, ಹಿಂದಿನ ಸೀಟಿನೋರ ಜೊತೆ ಕಿರುಚಿ ಮಾತಾಡ್ಬೇಕಾದ ನಮಗೆ ಅಳತೆಯೇ ಇಲ್ಲ. ದುಡ್ಡು ಕೊಟ್ಟೋರು ಒಳಗೆ, ಮೀಟರು ಹೊರಗೆ.

ಅಸಲಿ ಸಿಟ್ಟು ಇದ್ಯಾವುದೂ ಅಲ್ಲ. ಈ ಗ್ರೇಡು, ಲೇಬಲ್ಲು, ಎಲ್ಲವೂ ಹೊಸ ಟೈರಿನದು. ಟ್ರೆಡ್ ಎಂಟು ಮಿಲಿಮೀಟರ್ ಆಸುಪಾಸು ಇದ್ದಾಗಿನ ವಯ್ಯಾರ. ನಾನು ಹೊಸ ಟೈರಿನ ಮೇಲೆ ಓಡಾಡೋದು ಎಷ್ಟು ದಿನ? ಆಮೇಲೆಲ್ಲ ಅರ್ಧ ಸವೆದದ್ದು, ಮುಕ್ಕಾಲು ಸವೆದದ್ದು. ಬಹಳ ಕಡೆ ಕಾನೂನಿನ ಪ್ರಕಾರ 1.6 ಮಿ.ಮೀ. ತನಕ ಓಡಿಸಬಹುದು, ಟೈರಿನ ಸಾಲುಗಳ ನಡುವೆ ಉಬ್ಬಿರೋ ಗುರುತೂ ಅದೇ ಎತ್ತರದಲ್ಲಿರತ್ತೆ. ಮೂರು ಮಿ.ಮೀ. ಉಳಿದಾಗ ಮಳೆಯಲ್ಲಿ ಈ ಟೈರು ಎಷ್ಟು ದೂರಕ್ಕೆ ನಿಲ್ಲಿಸತ್ತೆ ಅನ್ನೋದು ನಾನು ಕೇಳೋ ಮೊದಲ ಪ್ರಶ್ನೆ. ಹೊಸದಾಗಿದ್ದಾಗ ಮೊದಲ ದರ್ಜೆಯಲ್ಲಿದ್ದ ಟೈರು ಸವೆದ ಮೇಲೂ ಮೊದಲೇ ಇರತ್ತೆ ಅನ್ನೋ ಗ್ಯಾರಂಟಿ ಏನೂ ಇಲ್ಲ. ಯೂರೋಪಿನಲ್ಲಿ 2024ರ ಜುಲೈನಿಂದ, ಹೊಸದಾಗಿ ಅನುಮೋದನೆಗೆ ಬರೋ ಕಾರಿನ ಟೈರುಗಳು ಸವೆದ ಸ್ಥಿತಿಯಲ್ಲೂ ಒದ್ದೆ ರಸ್ತೆಯ ಪರೀಕ್ಷೆ ಪಾಸು ಮಾಡ್ಬೇಕು ಅಂತ ಮಾಡಿದ್ದಾರೆ. ಗಾಳಿ ತುಂಬಿದ ಟೈರನ್ನ ಡನ್‌ಲಪ್ 1888ರಲ್ಲಿ ಮಾಡಿದ್ದು. ಈ ಪ್ರಶ್ನೆ ಹೊಳೆಯೋಕೆ ಇಷ್ಟು ಕಾಲ ಬೇಕಾಯ್ತು!

ಬೇಕಾದ ಗುಣಗಳೆಲ್ಲ ಒಂದೇ ಟೈರಿನಲ್ಲಿ ಸಿಗಲ್ಲ, ಅದು ನನಗೂ ಗೊತ್ತು. ಮೃದು ರಬ್ಬರು ಒದ್ದೆಯಲ್ಲಿ ಹಿಡಿಯತ್ತೆ, ಬೇಗ ಸವೆಯತ್ತೆ. ಹಗುರವಾಗಿ ಉರುಳೋ ಟೈರು ಇಂಧನ ಉಳಿಸತ್ತೆ, ಹಿಡಿತದಲ್ಲಿ ಕೈ ಕೊಡಬಹುದು. ರಬ್ಬರಿಗೆ ಸಿಲಿಕಾ ಬೆರೆಸಿ ಸ್ವಲ್ಪ ಮಟ್ಟಿಗೆ ಸರಿದೂಗಿಸ್ತಾರೆ, ಆದ್ರೂ ಎತ್ತು ಏರಿಗೆ, ಕೋಣ ನೀರಿಗೆ. ತಕರಾರು ಅದಲ್ಲ. ಯಾವುದನ್ನ ಬಿಟ್ಟು ಯಾವುದನ್ನ ಇಟ್ಕೊಂಡಿದ್ದೀರಿ ಅಂತ ಬಾಯಿ ಬಿಟ್ಟು ಹೇಳಿ! ಎಲ್ಲ ಜಾಹೀರಾತಿನಲ್ಲೂ ಎಲ್ಲ ಟೈರೂ ಹಿಡಿತದಲ್ಲೂ ಮುಂದು, ಬಾಳಿಕೆಯಲ್ಲೂ ಮುಂದು, ಮೌನದಲ್ಲೂ ಮುಂದು. ಹಾಗಾದ್ರೆ ಹಿಂದುಳಿದೋನು ಯಾರು? ನಾನೇ ಇರ್ಬೇಕು.

ಗಾಡಿ ಜೊತೆ ಬಂದ ಟೈರನ್ನೇ ಮತ್ತೆ ಹಾಕ್ಸಿಬಿಡೋಣ, ತಲೆನೋವು ಬೇಡ ಅಂದ್ರೆ ಅಲ್ಲೂ ಒಂದು ಕಿತಾಪತಿ. ಕಾರು ಕಂಪನಿಯವರು ತಮಗೆ ಬೇಕಾದ ಹಾಗೆ ಬೇರೆ ಮಾಡಿಸ್ಕೊಂಡಿರ್ತಾರೆ. ಬಿಎಂಡಬ್ಲ್ಯುಗೆ ನಕ್ಷತ್ರದ ಗುರುತು, ಮರ್ಸಿಡಿಸ್‌ಗೆ ಎಂಒ, ಆಡಿಗೆ ಎಒ, ಪೋರ್ಶೆಗೆ ಎನ್. ಹೆಸರು ಅದೇ, ಸೈಜು ಅದೇ, ಒಳಗಿನ ಸರಕು ಬೇರೆ ಇರಬಹುದು. "ಅದೇ ಟೈರು ಸಾರ್" ಅಂತ ಕೊಟ್ಟದ್ದು ಅದೇ ಆಗಿರ್ಬೇಕು ಅಂತೇನಿಲ್ಲ.

ಇನ್ನು ಎ/ಟಿ, ಅಂದ್ರೆ ಕಚ್ಚಾ ದಾರಿಗೂ ಆಗೋ ಆಲ್ ಟೆರೇನ್ ಟೈರಿನ ಹುಚ್ಚು. "ಎಸ್‌ಯುವಿ ಅಂದ್ಮೇಲೆ ಗತ್ತು ಬೇಡ್ವಾ ಸಾರ್?" ಬೇಡ! ಶಾಲೆ, ಆಫೀಸು, ನೆಂಟರ ಮನೆಗೆ ಹೋಗೋ ಗಾಡಿಗೆ ದಪ್ಪ ದಪ್ಪ ಗಟ್ಟಿ ಬ್ಲಾಕಿನ ಟೈರು ಹಾಕಿ, ಡಾಂಬರಿನ ಮೇಲೆ ಸದ್ದೂ ಹೆಚ್ಚು, ಇಂಧನವೂ ಹೆಚ್ಚು. ಡಾಂಬರು ಬಿಟ್ಟು ಇಳಿಯದ ಗಾಡಿಗೆ ಎಚ್/ಟಿ, ಅಂದ್ರೆ ಹೆದ್ದಾರಿ ಟೈರು, ಸಾಕೇ ಸಾಕು. ಪಕ್ಕದಲ್ಲಿ ಎಂ+ಎಸ್ ಅಂತ ಬರೆದಿದೆ, ಕೆಸರು-ಹಿಮ ಎರಡಕ್ಕೂ ಆಗತ್ತೆ ಅಂತ ಇನ್ನೊಂದು ಬೊಗಳೆ. ಆ ಎರಡು ಅಕ್ಷರ ಹಾಕೋಕೆ ಹಿಮದಲ್ಲಿ ಪರೀಕ್ಷೆ ಆಗಿರ್ಬೇಕಂತಿಲ್ಲ. ಪರೀಕ್ಷೆ ಆಗಿರೋದು ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಚಿತ್ರ ಇದ್ರೆ ಮಾತ್ರ.

ತಯಾರಾದ ತಾರೀಕಿನ ಆಟ ಬೇರೆ. ಡಾಟ್ ಅನ್ನೋ ಸಾಲಿನ ಕೊನೆಯ ನಾಲ್ಕು ಅಂಕಿ ವಾರ ಮತ್ತು ವರ್ಷ. 2322 ಅಂದ್ರೆ 2022ರ 23ನೇ ವಾರ. ಸಾಮಾನ್ಯವಾಗಿ ಆ ನಾಲ್ಕು ಅಂಕಿ ಒಂದೇ ಬದಿಯಲ್ಲಿರತ್ತೆ. ಆ ಬದಿಯನ್ನ ಒಳಗೆ ಮಾಡಿ ಕೂರಿಸಿಬಿಟ್ರೆ ನೀವು ಗಾಡಿ ಕೆಳಗೆ ಟಾರ್ಚ್ ಹಿಡ್ಕೊಂಡು ಮಲಗ್ಬೇಕು. ಹಾಗಾಗಿ ರಿಮ್ಮಿಗೆ ಹಾಕೋ ಮುಂಚೆಯೇ ತೋರಿಸಿ ಅಂತ ಕೇಳಿ. ಕೇಳಿದ್ರೆ ಮುಖ ಗಂಟಿಕ್ಕೋತಾರೆ, ಇಕ್ಕೊಳ್ಳಲಿ ಬಿಡಿ. ಸಾರಜನಕ ತುಂಬಿಸ್ಕೊಳ್ಳಿ ಅಂತ ಪೀಡಿಸಿದ್ರೆ, ಮಾಮೂಲಿ ಗಾಳಿಯಲ್ಲೇ ಶೇಕಡಾ 78 ಸಾರಜನಕ ಇದೆ ಅಂತ ಹೇಳಿ ಮುಂದೆ ಹೋಗಿ.

ವಿಮರ್ಶೆ ಓದಿ ತೀರ್ಮಾನ ಮಾಡೋಣ ಅಂದ್ರೆ, ಬರೆಯೋರೆಲ್ಲ ಹಾಕಿಸಿದ ದಿನವೇ ಬರೀತಾರೆ. "ಸೂಪರ್, ಸದ್ದೇ ಇಲ್ಲ, ಐದು ಸ್ಟಾರ್." ಅಣ್ಣಾ, ಬೋಳಾಗಿದ್ದ ಟೈರು ಕಿತ್ತು ಯಾವ ಹೊಸ ಟೈರು ಹಾಕಿಸಿದ್ರೂ ಹಾಗೇ ಅನಿಸತ್ತೆ! ಎರಡು ಮಳೆಗಾಲ ಕಳೆದ ಮೇಲೆ ಬಂದು ಬರಿ, ಓದ್ತೀನಿ.

ರಿಮ್ಮಿನ ವಿಷಯಕ್ಕೆ ಬರೋಣ, ಇದು ಶುದ್ಧ ಹಗಲುದರೋಡೆ. ಒಂದೇ ಗಾಡಿ, ಕೆಳಗಿನ ಮಾಡೆಲ್ಲಿಗೆ 235/65 ಆರ್17, ಮೇಲಿನದಕ್ಕೆ 235/55 ಆರ್19. ಲೆಕ್ಕ ಹಾಕಿ. ಮೊದಲನೇದರ ಒಟ್ಟು ವ್ಯಾಸ 737 ಮಿ.ಮೀ., ಎರಡನೇದು 741. ಹೊರಗಿಂದ ಹೆಚ್ಚುಕಮ್ಮಿ ಒಂದೇ. ಆದ್ರೆ ಸೈಡ್‌ವಾಲು 153 ಮಿ.ಮೀ.ಯಿಂದ 129ಕ್ಕೆ ಇಳೀತು. ಗುಂಡಿಗೆ ಬಿದ್ದಾಗ ರಿಮ್ಮನ್ನೂ ನಮ್ಮ ಸೊಂಟವನ್ನೂ ಕಾಯ್ತಿದ್ದ 24 ಮಿ.ಮೀ. ರಬ್ಬರು, ಗಾಳಿ ಮಾಯ. ಜಾಸ್ತಿ ದುಡ್ಡು ಕೊಟ್ಟು ಕಮ್ಮಿ ಟೈರು ತಂದ್ಕೊಳ್ಳೋದಕ್ಕೆ ಟಾಪ್ ಮಾಡೆಲ್ ಅಂತ ಹೆಸರು. ಬದಲಾಯಿಸೋ ದಿನ ಬಂದಾಗ ಆ ಸೈಜಿನಲ್ಲಿ ಆಯ್ಕೆಯೂ ಕಮ್ಮಿ, ಬೆಲೆಯೂ ಹೆಚ್ಚು.

ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗೋ ಆಲ್ ವೀಲ್ ಡ್ರೈವ್ ಇದ್ರಂತೂ ಮುಗೀತು. ಅರ್ಧ ಸವೆದ ಹೊತ್ತಿಗೆ ಒಂದು ಟೈರಿನ ಸೈಡ್‌ವಾಲ್ ಸೀಳಿತು ಅನ್ಕೊಳ್ಳಿ, ಒಂದನ್ನೇ ಬದಲಾಯಿಸೋ ಹಾಗಿಲ್ಲ. ಐದು ಮಿ.ಮೀ. ಸವೆದ ಟೈರು ಹೊಸದಕ್ಕಿಂತ ಕಿಲೋಮೀಟರಿಗೆ ಸುಮಾರು ಆರು ಸುತ್ತು ಹೆಚ್ಚು ತಿರುಗತ್ತೆ. ಆ ವ್ಯತ್ಯಾಸವನ್ನ ದಾರಿಯುದ್ದಕ್ಕೂ ಡಿಫರೆನ್ಶಿಯಲ್ಲು, ಕ್ಲಚ್ಚು ತಿಂದು ತಿಂದು ಬಿಸಿಯಾಗ್ತವೆ. ಹಾಗಾಗಿ ನಾಲ್ಕೂ ಬದಲಾಯಿಸಿ ಅಂತಾರೆ. ಟೂ ವೀಲ್ ಡ್ರೈವಿನೋರು ಎರಡು ಹಾಕಿಸಿದ್ರೆ ಹೊಸದು ಹಿಂದಕ್ಕೆ ಹೋಗ್ಬೇಕು, ಮಳೆಯಲ್ಲಿ ಹಿಂಭಾಗ ಜಾರಿದ್ರೆ ಗಾಡಿ ಹಿಡಿತಕ್ಕೆ ಸಿಗಲ್ಲ. ಇದನ್ನ ಟೈರು ಕಂಪನಿಗಳೇ ಹೇಳ್ತಾವೆ. ಫಿಟ್ ಮಾಡೋ ಹುಡುಗ ಮಾತ್ರ ಕೇಳೋ ಮುಂಚೆಯೇ ಮುಂದಕ್ಕೆ ಹಾಕಿ ನಟ್ ಬಿಗಿದಾಗಿರತ್ತೆ.

ಕೊನೆಗೆ ಸ್ಟೆಪ್ನಿ. ನಾಲ್ಕು ಟೈರಿನ ಬಗ್ಗೆ ಇಷ್ಟು ಜಗಳ ಆಡಿ ಡಿಕ್ಕಿ ಕೆಳಗೆ ಬಗ್ಗಿ ನೋಡಿದ್ರೆ ಅಲ್ಲಿರೋದು ಸಪೂರ ಸ್ಪೇಸ್ ಸೇವರ್. 80 ಕಿ.ಮೀ. ಮೀರಬಾರದು ಅಂತ ಹಳದಿ ಚೀಟಿ ಬೇರೆ. ಸರಿ, ನಿಧಾನಕ್ಕೆ ಹೋಗ್ತೀನಿ. ಆದ್ರೆ ಪಂಕ್ಚರ್ ಆದ ದೊಡ್ಡ ಚಕ್ರ ಆ ಸಣ್ಣ ಗೂಡಿನೊಳಗೆ ಹಿಡಿಯಲ್ಲ. ಡಿಕ್ಕಿಯಲ್ಲಿ ಸಾಮಾನು, ಸೀಟಿನಲ್ಲಿ ಜನ. ಆ ಕೆಸರು ಮೆತ್ತಿದ ಚಕ್ರವನ್ನ ಯಾರ ತೊಡೆ ಮೇಲೆ ಇಡ್ಬೇಕು ಅಂತ ಈ ಗಾಡಿ ವಿನ್ಯಾಸ ಮಾಡಿದ ಪುಣ್ಯಾತ್ಮ ಒಂದು ಸಲ ಬಂದು ಹೇಳಿ ಹೋಗ್ಲಿ.