ಕೋವಿ ಸದ್ದಿಗಲ್ಲ, ಬೆಂಕಿ ಪಕ್ಕ ಕೂರೋಕೆ ಹೋಗಿ

ಅಮೆರಿಕದ ಇಂಡಿಯಾನಾದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಸುತ್ತಮುತ್ತ ಇರುವ ಕನ್ನಡದ ಸಂಸಾರಗಳಿಗೆ ಈ ಮಾತು. ವೆಸ್ಟ್ ಲಫಾಯೆಟ್ ಹತ್ತಿರ, ವಾಬಾಶ್ ನದಿ ದಂಡೆಯಲ್ಲಿ ‘ಫೀಸ್ಟ್ ಆಫ್ ದ ಹಂಟರ್ಸ್ ಮೂನ್’ 1968ರಿಂದ ನಡೆಯುತ್ತಿದೆ. 18ನೇ ಶತಮಾನದಲ್ಲಿ ಫ್ರೆಂಚ್ ತುಪ್ಪಳ ವ್ಯಾಪಾರಿಗಳೂ ಅಲ್ಲಿನ ಮೂಲನಿವಾಸಿಗಳೂ ಚಳಿಗೆ ಮುಂಚೆ ಸೇರುತ್ತಿದ್ದ ಕೂಟದ ಮರುಸೃಷ್ಟಿ ಅದು. ಹಂಟರ್ಸ್ ಮೂನ್ ಅಂದರೆ ಹೆಚ್ಚಿನ ವರ್ಷ ನಮ್ಮ ಸೀಗೆ ಹುಣ್ಣಿಮೆಯೇ.

ಜನ ಇದನ್ನು ಜಾತ್ರೆ ಅಂದುಕೊಂಡು ಹೋಗ್ತಾರೆ. ಮಟಮಟ ಮಧ್ಯಾಹ್ನ ಕಾಲಿಟ್ಟು, ಕೋವಿ ಹಾರಿಸೋದನ್ನು ವಿಡಿಯೊ ಮಾಡಿ, ಕ್ಯೂ ನಿಂತು ತಿಂದು ವಾಪಸ್. ನನ್ನ ಕೇಳಿದರೆ, ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ಚಕಮಕಿಯಲ್ಲಿ ಬೆಂಕಿ ಮಾಡುವವರ ಪಕ್ಕ ಅರ್ಧ ಗಂಟೆ ಕೂರಬೇಕು.

ಆ ಬೆಂಕಿಯ ಗುಟ್ಟೆಲ್ಲ ಸುಟ್ಟ ಬಟ್ಟೆಯಲ್ಲಿದೆ. ಹತ್ತಿ ಬಟ್ಟೆಯ ಚೂರುಗಳನ್ನು ಒಂದು ಸಣ್ಣ ತೂತಿರುವ ತಗಡಿನ ಡಬ್ಬಿಗೆ ಹಾಕಿ ಕೆಂಡದ ಮೇಲಿಡುತ್ತಾರೆ. ತೂತಿನಿಂದ ಹೊಗೆ ಬರೋದು ನಿಂತ ಮೇಲೆ ಇಳಿಸಬೇಕು, ಆದರೆ ತಣ್ಣಗಾಗುವ ತನಕ ಮುಚ್ಚಳ ತೆಗೆಯಬಾರದು. ಗಾಳಿ ತಾಗಿದರೆ ಒಳಗಿರೋದು ಹೊತ್ತಿಕೊಳ್ಳುತ್ತದೆ. ಬಟ್ಟೆ ಕಂದಾಗಿದ್ದರೆ ಇನ್ನೂ ಹದವಾಗಿಲ್ಲ, ಕಿಡಿ ಹಿಡಿಯಲ್ಲ. ಬೂದಿಯಾದರೆ ಮುಗೀತು. ಕಪ್ಪಗೆ, ಮುಟ್ಟಿದರೆ ಹರಿಯುವಷ್ಟು ಮೆದುವಾಗಿರಬೇಕು. ಪಾಲಿಯೆಸ್ಟರ್ ಬೆರೆತಿದ್ದರೆ ಕರಗಿ ಅಂಟಾಗುತ್ತದೆ. ಇನ್ನು ಕಿಡಿ ಕಲ್ಲಿನದಲ್ಲ, ಕಲ್ಲಿನ ಚೂಪು ಅಂಚು ಕೆರೆದು ತೆಗೆದ ಉಕ್ಕಿನ ಪುಡಿಯದು. ಅದಕ್ಕೇ ಮೆದು ಕಬ್ಬಿಣದ ತುಂಡು ತಗೊಂಡು ಎಷ್ಟು ಕುಟ್ಟಿದರೂ ಕೈ ನೋವೇ ಗಟ್ಟಿ.

ಕೋವಿಯಲ್ಲೂ ಇದೇ ಆಟ. ಕುದುರೆ, ಅಂದರೆ ಕೋವಿಯ ಬಡಿಯುವ ಕೊಕ್ಕೆ, ಕಚ್ಚಿಕೊಂಡಿರುವ ಕಲ್ಲು ಉಕ್ಕಿನ ತಗಡಿಗೆ ಬಡಿದು, ಕಿಡಿ ಬಟ್ಟಲಿನ ಮದ್ದಿಗೆ ಬಿದ್ದು, ಉರಿ ಪಕ್ಕದ ಸಣ್ಣ ತೂತಿನಿಂದ ನಳಿಕೆಯೊಳಗೆ ಹೋಗಬೇಕು. ಕಪ್ಪು ಮದ್ದು ಉರಿದು ಉಳಿಯುವ ಮಸಿ ನೀರು ಹೀರುತ್ತದೆ. ನದಿ ಮಂಜು ಇರುವ ಬೆಳಿಗ್ಗೆ ತೂತು ಕಟ್ಟಿಕೊಂಡು ಬಟ್ಟಲಷ್ಟೇ ಭುಸ್ ಅಂದು ಸುಮ್ಮನಾಗೋದು ಸಾಮಾನ್ಯ. ಆಗ ನಗಬೇಡಿ. ಒಳಗಿನ ಮದ್ದು ತಡವಾಗಿ ಹೊತ್ತಬಹುದು ಅಂತಲೇ ನುರಿತವರು ನಳಿಕೆಯನ್ನು ಜನರಿಲ್ಲದ ಕಡೆಗೇ ಹಿಡಿದು ಕಾಯುತ್ತಾರೆ. ಗುಂಡಿಲ್ಲದಿದ್ದರೂ ತೂತಿನಿಂದ ಬೆಂಕಿ ಪಕ್ಕಕ್ಕೆ ಚಿಮ್ಮುತ್ತದೆ, ಆದ್ದರಿಂದ ಹಗ್ಗ ದಾಟಬೇಡಿ. ಚಿಕ್ಕ ಮಕ್ಕಳಿಗೆ ಕಿವಿಮುಚ್ಚುಗ ಬೇಕೇ ಬೇಕು, ಹತ್ತಿ ತುರುಕಿದರೆ ಸಾಲದು.

ಸಸ್ಯಾಹಾರಿಗಳು ಎಲೆ-ಕಾಯಿ ನೋಡಿ ಮೋಸ ಹೋಗಬೇಡಿ: ಕರಿದದ್ದು ಯಾವುದರಲ್ಲಿ, ಹುರುಳಿಕಾಯಿ ಬೇಯಿಸಿದ್ದು ಯಾವ ಸಾರಿನಲ್ಲಿ ಅಂತ ಕೇಳಿ. ಆ ಕಾಲದ ಅಡುಗೆಯಲ್ಲಿ ಹಂದಿ ಕೊಬ್ಬೇ ಎಣ್ಣೆ. ಚಿತ್ರಾನ್ನ ಕಟ್ಟಿಕೊಂಡು ಕಾರಲ್ಲಿಡಿ. ಮಳೆ ಬಂದರೆ ನೆಲ ಕೆಸರು, ಸ್ಟ್ರಾಲರ್ ಚಕ್ರ ಹೂತು ಹೋಗುತ್ತದೆ. ಕೂಸನ್ನು ಬೆನ್ನಿಗೋ ಸೊಂಟಕ್ಕೋ ಕಟ್ಟಿಕೊಳ್ಳಿ.

ಒಂದು ತಕರಾರು ನನ್ನದು. ಅಲ್ಲಿ ಎದ್ದು ಕಾಣುವ ಮರದ ಮನೆಯನ್ನೇ ಕೋಟೆ ಅಂತ ಎಲ್ಲರೂ ಫೋಟೊ ಹಾಕ್ತಾರೆ. ಅದು 1930ರಲ್ಲಿ ಕಟ್ಟಿದ್ದು. ಫ್ರೆಂಚರು 1717ರಲ್ಲಿ ಹಾಕಿದ ಉಯಾಟನಾನ್ ಕೋಟೆಯ ಜಾಗ ನದಿಗುಂಟ ಇನ್ನೂ ಕೆಳಗಿದೆ, ನೆಲದ ಮೇಲೆ ಗೋಡೆ ಕಾಣೋದಿಲ್ಲ. ಆ ಹೆಸರೇ ಅಲ್ಲಿನ ಮೂಲನಿವಾಸಿಗಳಾದ ವೀಯಾ ಜನರದ್ದು. 1763ರಲ್ಲಿ ಮೂಲನಿವಾಸಿಗಳು ಬ್ರಿಟಿಷರ ಮೇಲೆ ಎದ್ದ ಪಾಂಟಿಯಾಕ್ ದಂಗೆಯ ಹೊತ್ತಿಗೆ ಕೋಟೆ ಬ್ರಿಟಿಷರ ಕೈಗೆ ಹೋಗಿತ್ತು, ಅಲ್ಲಿದ್ದ ಅವರ ತುಕಡಿ ಜೀವಹಾನಿ ಇಲ್ಲದೆ ಶರಣಾಯಿತು. 1791ರಲ್ಲಿ, ಇತ್ತ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ ವರ್ಷವೇ, ಅತ್ತ ಚಾರ್ಲ್ಸ್ ಸ್ಕಾಟ್‌ನ ಅಮೆರಿಕನ್ ಪಡೆ ವೀಯಾ ಹಳ್ಳಿಗಳನ್ನು ಸುಟ್ಟಿತು. ಅವರ ವಂಶದವರು ಇಂದು ಒಕ್ಲಹೋಮಾದಲ್ಲಿ ಪಿಯೋರಿಯಾ ಬುಡಕಟ್ಟಿನ ಭಾಗ. ಕೂಟದ ವೇಷ ಅದಕ್ಕೂ ಹಿಂದಿನ ಕಾಲದ್ದು, ಹಾಗಾಗಿ ಈ ಸುಟ್ಟ ಕಥೆ ಆ ಬಯಲಲ್ಲಿ ತಾನಾಗಿ ನಿಮ್ಮ ಕಿವಿಗೆ ಬೀಳೋದು ಕಷ್ಟ. ಬೆಂಕಿ ಹೊತ್ತಿಸೋದನ್ನು ನೋಡಿ ಮುಗಿದ ಮೇಲೆ ಮಕ್ಕಳಿಗೆ ಅದನ್ನೂ ಹೇಳಿ. ದಾರಿಯಲ್ಲಿ ಕಾರಿನಲ್ಲಲ್ಲ, ಅಲ್ಲೇ, ನದಿ ಕಾಣುವ ಹಾಗೆ ನಿಂತು.