ಮೇಲ್ಮನವಿಯಲ್ಲಿ ಸಾಕ್ಷಿಗಳನ್ನು ಮತ್ತೆ ಕರೆಸುತ್ತಾರಾ?

"ಡಿವೋರ್ಸ್ ಕೇಸ್ ಸೋತರೆ ಚಿಂತೆ ಬೇಡ, ಹೈಕೋರ್ಟ್ ಎಲ್ಲಾ ಸಾಕ್ಷಿಗಳನ್ನೂ ಮತ್ತೆ ಕರೆಸುತ್ತದೆ, ಅಪ್ಪ ಅಮ್ಮನ ಸಾಕ್ಷಿಯಂತೂ ನಡೆಯುವುದೇ ಇಲ್ಲ" ಎಂಬ ಫಾರ್ವರ್ಡ್ ಓಡಾಡುತ್ತಿದೆ. ಎರಡೂ ತಪ್ಪು.

1984ರ ಕುಟುಂಬ ನ್ಯಾಯಾಲಯ ಕಾಯ್ದೆಯ ಪ್ರಕಾರ ಮೇಲ್ಮನವಿಗೆ 30 ದಿನ ಇದೆ. ಕೇಳುವುದು ಕನಿಷ್ಠ ಇಬ್ಬರು ನ್ಯಾಯಮೂರ್ತಿಗಳ ಪೀಠ. ಅವರು ಸಾಮಾನ್ಯವಾಗಿ ಓದುವುದು ಕೆಳಗಿನ ಕೋರ್ಟಿನ ದಾಖಲೆಯನ್ನೇ. ಸಾಕ್ಷಿ ತಡವರಿಸಿದ್ದು, ಪಾಟೀಸವಾಲಿನಲ್ಲಿ ಮಾತು ಬದಲಿಸಿದ್ದು, ಇದನ್ನೆಲ್ಲ ಕಣ್ಣಾರೆ ನೋಡಿದ್ದು ಕೆಳಗಿನ ನ್ಯಾಯಾಧೀಶರು, ಹಾಗಾಗಿ ಯಾರನ್ನು ನಂಬಬೇಕು ಅನ್ನೋ ವಿಷಯದಲ್ಲಿ ಅವರ ಅಭಿಪ್ರಾಯಕ್ಕೆ ತೂಕ ಜಾಸ್ತಿ. ಹಾಗಂತ ಅದೇ ಕೊನೆ ಮಾತಲ್ಲ. ಮುಖ್ಯ ದಾಖಲೆಯನ್ನೇ ಕಡೆಗಣಿಸಿದ್ದರೆ ತೀರ್ಪು ಬದಲಾಗಬಹುದು. ಹೊಸ ಸಾಕ್ಷ್ಯಕ್ಕೆ ಅನುಮತಿ ಸಿಗುವುದು ಅಪರೂಪ.

ಇನ್ನು ಸಂಬಂಧಿಕರು. ನಾಲ್ಕು ಗೋಡೆ ಒಳಗಿನ ಜಗಳ ನೋಡಿರುವವರು ಮನೆಯವರೇ ಅಲ್ವಾ? ಅವರ ಮಾತನ್ನು ಎಚ್ಚರದಿಂದ ಅಳೆಯುತ್ತಾರೆ, ಸುಮ್ನೆ ತಳ್ಳಿಹಾಕುವುದಿಲ್ಲ.