ಹಕ್ಕಿ ಎಂದರೆ ಕಾಲ, ಒಂದು ಅಂಕ

ಬೇಂದ್ರೆಯವರ ‘ಹಕ್ಕಿ ಹಾರುತಿದೆ ನೋಡಿದಿರಾ’ ಪದ್ಯ ಅರ್ಥವಾಗಲಿಲ್ಲ ಎನ್ನುವ ಹುಡುಗ ಕೋಲಾರ ಜಿಲ್ಲೆಯಲ್ಲಿ ಹುಡುಕಿದರೂ ಸಿಗಲಾರ. ಹತ್ತನೇ ಕ್ಲಾಸಿನ ಯಾರನ್ನಾದರೂ ತಡೆದು ಕೇಳಿ. ‘ಹಕ್ಕಿ ಅಂದ್ರೆ ಕಾಲ ಸಾರ್’ ಎಂದು ಹೇಳಿ, ಸೈಕಲ್ ಇಳಿಯದೆ ಟ್ಯೂಷನ್ನಿಗೆ ಹೊರಟುಬಿಡುತ್ತಾನೆ. 1932ರಲ್ಲಿ ‘ಗರಿ’ ಸಂಕಲನ ಬಂದಾಗಿನಿಂದ ದೊಡ್ಡ ದೊಡ್ಡವರು ತಲೆ ಕೆರೆದುಕೊಂಡ ಪದ್ಯ ಕೊನೆಗೂ ಇತ್ಯರ್ಥವಾಗಿದೆ. ಮಾಸ್ತಿ, ಡಿ.ವಿ.ಜಿ. ಇಬ್ಬರೂ ಹುಟ್ಟಿದ ಜಿಲ್ಲೆಯಲ್ಲಿ ಸಾಹಿತ್ಯಕ್ಕೆ ಇಷ್ಟಾದರೂ ಶಿಸ್ತು ಬೇಡವೇ?

ನಮ್ಮ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವುದು 15 ಕೆ.ಜಿ. ಬಾಕ್ಸಿನ ಲೆಕ್ಕದಲ್ಲಿ, ಕಾವ್ಯ ವಿಲೇವಾರಿಯಾಗುವುದು ಅಂಕದ ಲೆಕ್ಕದಲ್ಲಿ. ಹಕ್ಕಿಯ ಕಣ್ಣುಗಳು ಯಾವುವು? ಸೂರ್ಯ, ಚಂದ್ರ. ಒಂದು ಅಂಕ. ಚುಂಚ ಎಲ್ಲಿಯವರೆಗೆ ಚಾಚಿದೆ? ದಿಗ್ಮಂಡಲದ ಅಂಚಿನ ಆಚೆಗೆ. ಇನ್ನೊಂದು ಅಂಕ. ‘ಅಷ್ಟು ದೊಡ್ಡ ಹಕ್ಕಿ ರಾತ್ರಿ ಎಲ್ಲಿ ಕೂರುತ್ತೆ ಸಾರ್?’ ಎಂದವನಿಗೆ, ‘ಅದು ಎಕ್ಸಾಮಿಗೆ ಬರಲ್ಲ, ನೀನು ಕೂತ್ಕೊ.’

ಎಲ್ಲಕ್ಕಿಂತ ಸೊಗಸಾದದ್ದು ಸಂದರ್ಭ ಸಹಿತ ಸ್ವಾರಸ್ಯ. ಮೂರು ಅಂಕ: ಆಯ್ಕೆಗೆ ಒಂದು, ಸಂದರ್ಭಕ್ಕೆ ಒಂದು, ಸ್ವಾರಸ್ಯಕ್ಕೆ ಒಂದು. ಸ್ವಾರಸ್ಯ ಎಲ್ಲಿದೆ ಎಂದು ಯಾರೂ ಹುಡುಕಬೇಕಿಲ್ಲ. ‘ಈ ಮಾತು ಅತ್ಯಂತ ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ’ ಎಂದು ಗೈಡಿನಲ್ಲಿರುವಂತೆ ಇಳಿಸಿ, ಕೆಳಗೆ ಸ್ಕೇಲಿನಿಂದ ಗೆರೆ ಎಳೆದರೆ ಮುಗಿಯಿತು. ವಚನಕ್ಕೂ ಅದೇ ವಾಕ್ಯ, ರನ್ನನಿಗೂ ಅದೇ, ಕುಮಾರವ್ಯಾಸನಿಗೂ ಅದೇ. ಕರ್ಣನ ಸಂಕಟವೂ ಸ್ವಾರಸ್ಯಪೂರ್ಣ, ಹಲಗಲಿ ಬೇಡರ ಸಾವೂ ಸ್ವಾರಸ್ಯಪೂರ್ಣ. ಕನ್ನಡದ ಸಾವಿರ ವರ್ಷದ ಕಾವ್ಯವನ್ನು ಒಂದೇ ವಾಕ್ಯದಲ್ಲಿ ಅಳೆಯುವ ವಿದ್ಯೆ ಯಾವ ಆಲಂಕಾರಿಕನಿಗೂ ಸಿದ್ಧಿಸಿರಲಿಲ್ಲ.

ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹರಿದ ಮೇಲೆ ನಮ್ಮ ಕಡೆಯ ಕೆರೆಗಳಲ್ಲಿ ನಿಜವಾದ ಹಕ್ಕಿಗಳೂ ಇಳಿಯುತ್ತಿವೆ. ಇದು ಕನ್ನಡ ಪಾಠಕ್ಕೆ ದೊಡ್ಡ ಅಡಚಣೆ. ನರಸಾಪುರದ ಕಡೆಯ ಹುಡುಗನೊಬ್ಬ ಕಿಟಕಿಯಾಚೆ ಕೈ ತೋರಿಸಿ ‘ಬೆಳ್ಳಕ್ಕಿ’ ಎಂದನೆನ್ನಿ. ಪಕ್ಕದವನು, ಮನೆಯಲ್ಲಿ ತೆಲುಗಿನವನು, ‘ಕೊಂಗ’ ಎಂದನೆನ್ನಿ. ಇಬ್ಬರೂ ತಪ್ಪು. ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರ ತುಂಬಿದ ಪಾಸಿಂಗ್ ಪ್ಯಾಕೇಜಿನ ಪ್ರಕಾರ ಅದು ಕಾಲ.

ಮೇಷ್ಟ್ರನ್ನು ಬೈದು ಏನೂ ಪ್ರಯೋಜನವಿಲ್ಲ. ಅವರಲ್ಲಿ ಬೇಂದ್ರೆಯನ್ನು ಹಾಡಬಲ್ಲವರಿದ್ದಾರೆ. ಹಾಡಿದರೆ ಸಿಲಬಸ್ ಉಳಿಯುತ್ತದೆ, ಸಿಲಬಸ್ ಉಳಿದರೆ ಫಲಿತಾಂಶ ಬೀಳುತ್ತದೆ, ಫಲಿತಾಂಶ ಬಿದ್ದರೆ ನೋಟಿಸ್ ಬರುತ್ತದೆ. ಪಟ್ಟಿಯಲ್ಲಿ ಚಿಕ್ಕಬಳ್ಳಾಪುರ ನಮಗಿಂತ ಮೇಲೆ ಹೋಯಿತೇಕೆ ಎಂದು ಸಭೆಯಲ್ಲಿ ಕೇಳುವವರು, ಪದ್ಯವನ್ನು ಯಾರಾದರೂ ಗಟ್ಟಿಯಾಗಿ ಓದಿದಿರಾ ಎಂದು ಕೇಳಿದ್ದುಂಟೇ?

ಆದ್ದರಿಂದ ನನ್ನದೊಂದು ಸಲಹೆ. ಮುಂದಿನ ವರ್ಷದಿಂದ ಪುಸ್ತಕದಲ್ಲಿ ಪದ್ಯ ತೆಗೆದು ಸಾರಾಂಶವನ್ನಷ್ಟೇ ಅಚ್ಚು ಹಾಕಲಿ. ಕಾಗದ ಉಳಿಯುತ್ತದೆ, ಉಳಿದ ಪುಟಗಳಲ್ಲಿ ಮಾದರಿ ಪ್ರಶ್ನೆಪತ್ರಿಕೆ ಹಿಡಿಸುತ್ತವೆ. ತೊಡಕು ಒಂದೇ, ‘ಪದ್ಯಭಾಗ ಪೂರ್ಣಗೊಳಿಸಿ’ ಎಂಬ ಪ್ರಶ್ನೆಗೆ ಪದ್ಯವೇ ಬೇಕು. ಅದಕ್ಕೂ ‘ಅಥವಾ’ ಕೊಟ್ಟಿರುತ್ತಾರೆ ಬಿಡಿ. ಬೇಂದ್ರೆಯವರನ್ನು ಚಾಯ್ಸಿಗೆ ಬಿಟ್ಟು ಇನ್ನೊಬ್ಬರನ್ನು ಉರು ಹೊಡೆದರಾಯಿತು.